ಕುಂಕುಮ ಇಟ್ಟ ಪುಟಗಳು

ವೆಂಕಟಲಕ್ಷ್ಮಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ, ಒಂದು ಕಾದಂಬರಿ. ಅದರಲ್ಲಿ ಯಾರೂ ಯಾರಿಗೂ ಚಾಕು ಹಾಕಬಾರದು, ಯಾರೂ ಬಾಯಿ ಹೊಲಸು ಮಾಡಿಕೊಳ್ಳಬಾರದು, ಆದರೂ ‘ಮುಂದೇನಾಯಿತು?’ ಎಂದು ಕೇಳುವ ಹಾಗಿರಬೇಕು. ಪೀಣ್ಯದ ಸುತ್ತಮುತ್ತ ಲೇತ್ ಬೇಕೆಂದರೆ ಲೇತ್, ಲಾರಿ ಬೇಕೆಂದರೆ ಲಾರಿ, ಎಲ್ಲವೂ ಸಿಗುತ್ತಿತ್ತು. ಇಂಥ ಒಂದು ಪುಸ್ತಕಕ್ಕೆ ಮಾತ್ರ ಅವಳು ಅಲೆದು ಅಲೆದು ಚಪ್ಪಲಿ ಸವೆಸಿದ್ದಳು.

ಎಂಬತ್ತರ ದಶಕದ ಆರಂಭ ಅದು. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಉಪೇಂದ್ರನ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅಲ್ಲಿಂದ ತಂದ ಯಾವ ಪುಸ್ತಕವನ್ನು ಕೊಡವಿದರೂ ರಾಗಿ ಹಿಟ್ಟು ಉದುರುತ್ತಿತ್ತು. ಉಪೇಂದ್ರ ಬಿ.ಎ. ಮಾಡಿ, ಕಾರ್ಖಾನೆಗಳಿಗೆಲ್ಲ ಅರ್ಜಿ ಹಾಕಿ, ಕೊನೆಗೆ ಅಪ್ಪನ ಹತ್ತಿರ ಜಗಳವಾಡಿ ಈ ಅಂಗಡಿ ಇಟ್ಟವನು. ತಾನಾಗಿ ಒಂದು ಪುಸ್ತಕವನ್ನೂ ಓದಿದವನಲ್ಲ. ಓದುವುದು ಗಿರಾಕಿಗಳ ಕೆಲಸ ಎಂದು ಬಲವಾಗಿ ನಂಬಿದ್ದ. ಮೇಲಿನ ಚಿತ್ರ ನೋಡಿ ಒಳಗಿನ ಕಥೆ ಹೇಳಿಬಿಡುತ್ತಿದ್ದ.

“ಇದು ಫ್ಯಾಮಿಲಿ, ಮೇಡಂ. ಧೈರ್ಯವಾಗಿ ತಗೊಂಡ್ಹೋಗಿ. ನೋಡಿ, ಕವರ್ ಮೇಲೆ ತುಳಸಿಕಟ್ಟೆ ಇದೆ.”

ಆ ತುಳಸಿಕಟ್ಟೆಯ ಹಿಂದೆ ನಾಲ್ಕನೇ ಅಧ್ಯಾಯಕ್ಕೇ ಒಂದು ಹೆಣ ಬಿದ್ದಿತ್ತು. ಅದು ಹೇಗೆ ಬಿದ್ದಿತ್ತು, ಎಲ್ಲೆಲ್ಲಿ ಗಾಯವಾಗಿತ್ತು ಎಂದು ಪುಣ್ಯಾತ್ಮ ಲೇಖಕ ಎರಡು ಪುಟ ವಿವರಿಸಿದ್ದ. ವೆಂಕಟಲಕ್ಷ್ಮಿ ಮಾರನೆಯ ದಿನವೇ ಅದನ್ನು ಉಪೇಂದ್ರನ ಮೇಜಿನ ಮೇಲೆ ಕುಕ್ಕಿದಳು.

“ಹಾಗಾದ್ರೆ ಇದು ತಗೊಳ್ಳಿ. ಇದರಲ್ಲಿ ಏನೂ ಆಗಲ್ಲ,” ಎಂದು ಇನ್ನೊಂದು ಕೊಟ್ಟ.

ಅವನ ಮಾತು ಅಕ್ಷರಶಃ ನಿಜವಾಗಿತ್ತು. ಏನೂ ಆಗಲಿಲ್ಲ. ಮೊದಲ ಪುಟದಲ್ಲಿ ಅತ್ತೆಯ ಕಾಲೊತ್ತಲು ಕುಳಿತ ಸೊಸೆ ಕೊನೆಯ ಪುಟದವರೆಗೂ ಒತ್ತುತ್ತಲೇ ಇದ್ದಳು. ನಡುನಡುವೆ ಒಬ್ಬರು ಸ್ವಾಮೀಜಿ ಬಂದು ಉಪದೇಶ ಮಾಡಿ ಹೋಗುತ್ತಿದ್ದರು. ಅದನ್ನು ಕೇಳಿದ ವೆಂಕಟಲಕ್ಷ್ಮಿಯ ಗಂಡ ದ್ವಾರಕಾನಾಥ ಆಕಳಿಸಿ, “ಇದೇನು ಕಥೆಯೋ, ನಮ್ಮ ಪರ್ಸನಲ್ ಡಿಪಾರ್ಟ್‌ಮೆಂಟಿನ ಸರ್ಕ್ಯುಲರ್ರೋ?” ಎಂದಿದ್ದ.

ಹೀಗೆ ಒಂದು ಕಡೆ ಹೆಣ, ಇನ್ನೊಂದು ಕಡೆ ಉಪದೇಶ. ಎರಡರ ನಡುವೆ ಮನುಷ್ಯರು ಓದುವಂಥದ್ದು ಯಾರೂ ಬರೆಯಲೇ ಇಲ್ಲವೇ ಎಂದು ಅವಳಿಗೆ ಮೈ ಉರಿದುಹೋಗುತ್ತಿತ್ತು.

ಓದುವುದು ಅವಳಿಗೆ ಹುಟ್ಟಿನಿಂದ ಬಂದ ಚಾಳಿ. ಸರ್ಜಾಪುರದ ಪ್ರೈಮರಿ ಸ್ಕೂಲ್ ಮೇಷ್ಟ್ರ ಮಗಳು ಅವಳು. ಅವರ ಬೀದಿಯ ತುಂಬ ನೇಕಾರರ ಮನೆಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಾಗ, ಪಕ್ಕದ ಮನೆಯ ಹೊಸ್ತಿಲ ಮೇಲೆ ಕುಳಿತು, ವಾರಪತ್ರಿಕೆಯ ಧಾರಾವಾಹಿಯನ್ನು ನೇಯುವವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮಗ್ಗದ ಸದ್ದನ್ನು ಮೀರಿ ಕೇಳಬೇಕಾಗಿದ್ದರಿಂದ ಅವಳ ದನಿ ಚೆನ್ನಾಗಿ ಪಳಗಿತು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳಿದಾಗ, “ಹಾಡು ಬರಲ್ಲ, ಓದಕ್ಕೆ ಬರುತ್ತೆ,” ಎಂದಿದ್ದಳು. ಹಿರಿಯರೆಲ್ಲ ಮುಖ ಮುಖ ನೋಡಿಕೊಂಡರು. ದ್ವಾರಕಾನಾಥ ಮಾತ್ರ ಆ ಉತ್ತರಕ್ಕೇ ಅವಳನ್ನು ಒಪ್ಪಿದ.

ಅವನು ಸರ್ಕಾರಿ ಸ್ವಾಮ್ಯದ ಒಂದು ದೊಡ್ಡ ಕಾರ್ಖಾನೆಯಲ್ಲಿ, ತಗಡು ಒತ್ತಿ ಪೀಸು ಮಾಡುವ ಪ್ರೆಸ್ ಶಾಪಿನಲ್ಲಿ ಆಪರೇಟರ್. ಪೀಣ್ಯದ ಪಕ್ಕದ ದಾಸರಹಳ್ಳಿಯಲ್ಲಿ ಮುನಿಯಕ್ಕನ ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದು ಸಂಸಾರ ಹೂಡಿದರು. ಸಂಜೆ ಫ್ಯಾಕ್ಟರಿ ಬಸ್ಸಿಳಿದು ಬಂದು, ಕೈಕಾಲು ತೊಳೆದು ಕಾಫಿ ಕುಡಿದು, ಜಗಲಿಯ ಮೇಲೆ ಗೋಡೆಗೆ ಒರಗಿ ಅವನು ಕಣ್ಣು ಮುಚ್ಚುತ್ತಿದ್ದ. ಅವಳು ಓದುತ್ತಿದ್ದಳು. ಮಕ್ಕಳಾಗಿರಲಿಲ್ಲ. ಆಗಲಿಲ್ಲವಲ್ಲ ಎಂಬ ಕೊರಗು ಆ ಮನೆಯಲ್ಲಿ ಕಾಲು ಚಾಚಿ ಮಲಗದಂತೆ ನೋಡಿಕೊಂಡಿದ್ದು ಸಂಜೆಯ ಆ ಒಂದು ಗಂಟೆ.

ಹಾಗಿರುವಾಗ ಒಂದು ದಿನ, ಪಕ್ಕದ ಮಿಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಮಾದನಾಯಕನಹಳ್ಳಿಯ ಚಿನ್ನಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಿ ಹೋಯಿತು. ಅವನ ಹತ್ತಿರ ಮೊದಲು ಓಡಿದವನು ದ್ವಾರಕಾನಾಥ. ಚಿನ್ನಪ್ಪ ಉಳಿದುಕೊಂಡ. ಕಾರ್ಖಾನೆಯವರು ಅವನಿಗೆ ಎರಡನೇ ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿ, ಬರುವ ಹೋಗುವವರನ್ನು ನೋಡುವ ಕೆಲಸ ಕೊಟ್ಟರು. ದ್ವಾರಕಾನಾಥ ಕೇಳಿಕೊಂಡು ಸ್ಟೋರ್ಸಿಗೆ ವರ್ಗ ಮಾಡಿಸಿಕೊಂಡ. ಬಸ್ಸು ಎರಡನೇ ಗೇಟಿನಲ್ಲೇ ನಿಂತರೂ ಇವನು ಕಾಂಪೌಂಡಿನ ಉದ್ದಕ್ಕೂ ಬಿಸಿಲಲ್ಲಿ ನಡೆದು ಒಂದನೇ ಗೇಟಿನಿಂದ ಒಳಗೆ ಹೋಗುತ್ತಿದ್ದ. ಇದನ್ನು ಅವಳಿಗೆ ಹೇಳಿದವರು ಬಸ್ಸಿನ ಬೇರೆ ಜನ. ಅವನು ಆ ದಿನದ ಬಗ್ಗೆ ಒಂದಕ್ಷರ ಬಾಯಿ ಬಿಡಲಿಲ್ಲ.

ಅದಾದ ಮೇಲೆ ಓದಿದ ಮೊದಲ ಕಾದಂಬರಿಯಲ್ಲಿ ಒಂದು ಕೊಲೆ ಬಂತು. ವೆಂಕಟಲಕ್ಷ್ಮಿ ಯೋಚನೆಯಿಲ್ಲದೆ ಓದುತ್ತಾ ಹೋದಳು. ತಲೆ ಎತ್ತಿ ನೋಡಿದರೆ ಗಂಡ ಜಗಲಿಯ ಮೇಲಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಕೈಯಿಟ್ಟು ತೊಳೆಯುತ್ತಿದ್ದ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ಅವಳಿಗೆ ಅರ್ಥವಾಯಿತು. ಆದರೆ ಅವನಿಗೆ ಹಾಗೆಂದು ಹೇಳುವುದುಂಟೇ? ಹೇಳಿದರೆ ‘ನನಗೇನಾಗಿದೆ?’ ಎಂದು ಎಗರಿ ಬೀಳುತ್ತಾನೆ. ಅವಳು ಆ ಕ್ಷಣಕ್ಕೆ ತೋಚಿದ ಸುಳ್ಳೊಂದನ್ನು ಹೇಳಿದಳು.

“ನಂಗೆ ಈ ರಕ್ತ ಗಿಕ್ತ ಎಲ್ಲ ಓದಕ್ಕಾಗಲ್ಲ ಕಣ್ರೀ. ಹೊಟ್ಟೆ ತೊಳಸುತ್ತೆ. ಬೇರೆ ತರ್ತೀನಿ.”

“ಹೆಂಗಸರೇ ಇಷ್ಟು,” ಎಂದ ದ್ವಾರಕಾನಾಥ ಟವಲಿನಿಂದ ಕೈ ಒರೆಸಿಕೊಳ್ಳುತ್ತಾ. ಅವನ ಮುಖ ಹಗುರಾಗಿತ್ತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡಳು.

ಇನ್ನು ಬೈಗುಳದ ಕಥೆ ಬೇರೆ. ಅದು ಗಂಡನಿಗಲ್ಲ, ನಿಜವಾಗಿ ಅವಳಿಗೇ ಆಗದ್ದು. ಮನಸ್ಸಿನಲ್ಲಿ ಓದಿಕೊಳ್ಳುವವರು ಅಂಥ ಮಾತುಗಳ ಮೇಲೆ ಕಣ್ಣಾಡಿಸಿ ದಾಟಿಬಿಡಬಹುದು. ಗಟ್ಟಿಯಾಗಿ ಓದುವವಳು ತನ್ನ ಬಾಯಿಂದಲೇ ಆಡಬೇಕಲ್ಲ! ಜಗಲಿಯ ಆ ತುದಿಯಲ್ಲಿ ಮನೆಯೊಡತಿ ಮುನಿಯಕ್ಕ ಅವರೆಕಾಯಿ ಸುಲಿಯುತ್ತಾ ಕಿವಿಗೊಟ್ಟು ಕುಳಿತಿರುತ್ತಿದ್ದಳು. ಪೀಣ್ಯದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೊಲ ಹೋದ ಮೇಲೆ ಅವಳಿಗೆ ಮಾಡಲು ಹೆಚ್ಚಿನ ಕೆಲಸವಿರಲಿಲ್ಲ. ವೆಂಕಟಲಕ್ಷ್ಮಿ ಬೈಗುಳ ಬಂದಲ್ಲಿ ತಡವರಿಸಿ, “ಅವನು ಏನೋ ಒಂದು ಅಂದ,” ಎಂದು ಮುಂದೆ ಹೋದರೆ ಮುನಿಯಕ್ಕ ಬಿಡುತ್ತಿರಲಿಲ್ಲ.

“ಏನಂದ ಯೋಳವ್ವ.”

“ಏನೋ ಬೈದ ಮುನಿಯಕ್ಕ, ಬಿಡು.”

“ಏನೋ ಅಂದ್ರೆ ಎಂಗೆ? ಇಂಗಂದ್ನಾ?” ಎಂದು ಅವಳು ತನ್ನ ಕಡೆಯಿಂದ ಪುಸ್ತಕದಲ್ಲಿದ್ದದ್ದಕ್ಕಿಂತ ಸೊಗಸಾದ ಒಂದನ್ನು ಜೋಡಿಸುತ್ತಿದ್ದಳು. ದ್ವಾರಕಾನಾಥ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಮುನಿಯಕ್ಕನ ಬಾಯಲ್ಲಿ ಬೈಗುಳಕ್ಕೆ ಬಿಸಿ ಮುದ್ದೆಯ ರುಚಿಯಿತ್ತು, ಪುಸ್ತಕದಲ್ಲಿದ್ದದ್ದು ಬರೀ ಹೊಲಸು. ಅದನ್ನು ಬರೆದವರ ಮೇಲೆ ವೆಂಕಟಲಕ್ಷ್ಮಿಗೆ ಕೆಂಡಾಮಂಡಲ ಕೋಪ ಬರುತ್ತಿತ್ತು.

ಬೇರೆ ದಾರಿ ಕಾಣದೆ ಅವಳು ಪುಸ್ತಕವನ್ನು ಮಧ್ಯಾಹ್ನವೇ ಒಬ್ಬಳೇ ಓದಿ ಮುಗಿಸತೊಡಗಿದಳು. ಕೆಟ್ಟ ಪುಟ ಬಂದಾಗಲೆಲ್ಲ ಹಣೆಗೆ ಬೆರಳೊತ್ತಿ, ಬೆರಳಿಗಂಟಿದ ಕುಂಕುಮವನ್ನು ಪುಟದ ಮೂಲೆಗೆ ಚುಕ್ಕಿಯಷ್ಟು ಹಚ್ಚುವಳು. ಪೆನ್ಸಿಲಿನಲ್ಲಿ ಗೀಚಿದರೆ ಉಪೇಂದ್ರ ತಗಾದೆ ತೆಗೆಯುತ್ತಿದ್ದ. ಕುಂಕುಮಕ್ಕೆ ಯಾರು ಏನು ಹೇಳಿಯಾರು? ಸಂಜೆ ಓದುವಾಗ ಚುಕ್ಕಿ ಕಂಡ ಪುಟ ಹಾರಿಸಿ ಮುಂದಿನದಕ್ಕೆ ಹೋಗುವಳು. ಉಪಾಯವೇನೋ ಚೆನ್ನಾಗಿತ್ತು. ಕಥೆ ಮಾತ್ರ ಕುಂಟುತ್ತಿತ್ತು.

“ಈಗ ತಾನೆ ಹೋಟ್ಲಲ್ಲಿ ದೋಸೆ ತಿಂತಿದ್ದೋನು ಆಸ್ಪತ್ರೇಲಿ ಹೇಗೆ ಮಲಗಿದ್ದಾನೆ?” ಎನ್ನುವನು ದ್ವಾರಕಾನಾಥ.

“ದೋಸೆ ಆಗಿ ಬರಲಿಲ್ಲ ಅಂತ ಕಾಣುತ್ತೆ.”

“ನೀನು ಹಾರಿಸ್ತಿದ್ದೀಯ ಲಕ್ಷ್ಮೀ.”

“ಹೂಂ, ಹಾರಿಸ್ತೀನಿ. ನಂಗಾಗಲ್ಲ ಅಂದ್ನಲ್ಲ,” ಎಂದು ಅವಳು ಅದೇ ಸುಳ್ಳನ್ನು ಮುಂದಕ್ಕೆ ದೂಡುವಳು. ಆದರೆ ಕಥೆಯ ರುಚಿ ಹೋಗುತ್ತಿತ್ತು. ಅವನು ಮೊದಲಿನಂತೆ ಮುಂದೇನು ಎಂದು ಕೇಳುವುದನ್ನು ಕಡಿಮೆ ಮಾಡಿದ. ಕೆಲವು ಸಂಜೆ ಕಾಫಿ ಕುಡಿದವನೇ, ಇವತ್ತು ಬೇಡ ಎಂದು ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಆ ಒಂದು ಗಂಟೆಯೂ ಕೈತಪ್ಪಿ ಹೋದರೆ ಈ ಮನೆಯಲ್ಲಿ ಏನುಳಿಯುತ್ತದೆ ಎಂದು ಅವಳಿಗೆ ಹೆದರಿಕೆ ಹತ್ತಿತು. ಇನ್ನೂ ಹಟ ಹಿಡಿದು ಉಪೇಂದ್ರನ ಕಪಾಟುಗಳನ್ನು ತಡಕಿದಳು. ಅವನ ಅಂಗಡಿಯಲ್ಲಿ ಅವಳಿಗೆ ‘ಮಡಿ ಮೇಡಂ’ ಎಂಬ ಹೆಸರು ಬಿದ್ದಿತ್ತು. ಅದೂ ಅವಳ ಕಿವಿಗೆ ಬಿದ್ದಿತ್ತು.

ಒಂದು ಶನಿವಾರ ಅವಳು ಕಪಾಟಿನ ಹಿಂದೆ ನಿಂತು ಹುಡುಕುತ್ತಿದ್ದಾಗ, ಎಣ್ಣೆ ಮೆತ್ತಿದ ನೀಲಿ ಅಂಗಿಯ ಇಬ್ಬರು ಕೆಲಸಗಾರರು ಒಳಗೆ ಬಂದರು.

“ಗುರು, ಕುಂಕುಮ ಇಟ್ಟಿರೋದು ಯಾವ್ದಾದ್ರೂ ಬಂದಿದ್ಯಾ?”

“ಮೂರಿದೆ, ಈಗ ತಾನೆ ವಾಪಸ್ ಬಂತು,” ಎಂದ ಉಪೇಂದ್ರ ಉತ್ಸಾಹದಿಂದ.

ಅವರು ಮೊದಲಿನಿಂದ ಓದುವ ಗೋಜಿಗೇ ಹೋಗಲಿಲ್ಲ. ಪುಟದ ಮೂಲೆಗಳನ್ನು ಸರಸರ ತಿರುವಿ, ಚುಕ್ಕಿ ಕಂಡಲ್ಲಿ ನಿಲ್ಲಿಸಿ, ಒಬ್ಬ ಓದಿದರೆ ಇನ್ನೊಬ್ಬ ಸಿಳ್ಳೆ ಹಾಕಿದ. “ಯಾವನೋ ಪುಣ್ಯಾತ್ಮ ಕಣೋ. ನಮ್ಗೆ ಟೈಮ್ ಉಳಿಸವ್ನೆ. ಮ್ಯಾಟರ್ ಇರೋ ಕಡೆ ಮಾತ್ರ ಕುಂಕುಮ. ಒಂದೂ ತಪ್ಪಲ್ಲ!”

ವೆಂಕಟಲಕ್ಷ್ಮಿ ಕಪಾಟಿನ ಹಿಂದಕ್ಕೆ ಇನ್ನಷ್ಟು ಸರಿದು ನಿಂತಳು. ಅವರು ಹೋದ ಮೇಲೆ ಉಪೇಂದ್ರ ತಾನಾಗಿಯೇ ಹೇಳಿದ. ಕುಂಕುಮದ ಪುಸ್ತಕಗಳಿಗೆ ಪೀಣ್ಯದ ಶೆಡ್ಡುಗಳಿಂದೆಲ್ಲ ಜನ ಬರುತ್ತಿದ್ದಾರೆ, ಅದಕ್ಕೇ ಈಗ ಅವೆನ್ಯೂ ರೋಡಿಗೆ ಹೋದಾಗ ಹೊಡಿ-ಬಡಿ ಕಾದಂಬರಿಗಳನ್ನೇ ಆರಿಸಿ ತರುತ್ತಿದ್ದಾನೆ, ಹಳೆಯ ಸಂಸಾರದ ಕಥೆಗಳನ್ನು ತೂಕಕ್ಕೆ ಹಾಕಿದ್ದಾನೆ. ಅಂದರೆ ಅವಳು ಬೇಡ ಬೇಡ ಎಂದು ಗುರುತು ಹಾಕಿದ್ದೆಲ್ಲ ಬೇಕು ಬೇಕು ಎಂದಾಗಿ, ಅವಳಿಗೆ ಬೇಕಾದದ್ದು ಗುಜರಿಗೆ ಹೋಗಿತ್ತು! ಯಾರಿಗೆ ಬೈಯುವುದು? ಹಚ್ಚಿದ್ದು ಅವಳದೇ ಹಣೆಯ ಕುಂಕುಮ. ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಳ್ಳುತ್ತಾ ಮನೆಗೆ ಬಂದಳು.

ಅಂದಿನಿಂದ ಕುಂಕುಮ ನಿಲ್ಲಿಸಿದಳು. ಕೆಟ್ಟ ಪುಟಗಳ ನಡುವೆ ಹೊಲಿಗೆಯ ದಾರದ ಎಳೆ ಇಟ್ಟು, ವಾಪಸ್ಸು ಕೊಡುವ ಮುಂಚೆ ಎಳೆದು ತೆಗೆಯುತ್ತಿದ್ದಳು.

ಕೆಲವು ತಿಂಗಳು ಕಳೆದವು. ಒಂದು ದಿನ ಸೊಸೈಟಿಗೆ ಸೀಮೆಎಣ್ಣೆ ಬಂದಿತೆಂದು ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತು ಅವಳ ಮಧ್ಯಾಹ್ನವೆಲ್ಲ ಹೋಯಿತು. ಬರುವ ದಾರಿಯಲ್ಲಿ ಲೈಬ್ರರಿಗೆ ನುಗ್ಗಿ ಕೈಗೆ ಸಿಕ್ಕಿದ ಒಂದು ಪುಸ್ತಕ ತಂದಳು. ಮೇಲೆ ದೀಪ ಹಚ್ಚುವ ಹೆಂಗಸಿನ ಚಿತ್ರ, ಒಳಗೆ ಅಲ್ಲಲ್ಲಿ ಕುಂಕುಮದ ಚುಕ್ಕಿ. ಸದ್ಯ, ಹಿಂದೆ ಯಾವಾಗಲೋ ತಾನು ಓದಿ ಗುರುತು ಹಾಕಿದ್ದು ಎಂದುಕೊಂಡಳು. ಕಥೆ ನೆನಪಿರಲಿಲ್ಲ. ಆ ಕಥೆಗಳಲ್ಲಿ ಒಂದರಿಂದ ಇನ್ನೊಂದನ್ನು ಬೇರೆಯಾಗಿ ನೆನಪಿಡುವುದಕ್ಕೆ ಏನಿತ್ತು?

ಸಂಜೆ ಓದಲು ಕುಳಿತಳು. ಚುಕ್ಕಿಯಿದ್ದ ಪುಟಗಳನ್ನು ನಂಬಿಕೆಯಿಂದ ಹಾರಿಸಿದಳು. ಚುಕ್ಕಿಯಿಲ್ಲದ ಒಂದು ಪುಟದಲ್ಲಿ ನಾಯಕನ ತಮ್ಮ ಕಾರ್ಖಾನೆಗೆ ಕೆಲಸಕ್ಕೆ ಹೋದ. ಅವಳ ದನಿ ಸರಾಗವಾಗಿ ಓಡುತ್ತಿತ್ತು. “ಆ ಕ್ಷಣದಲ್ಲೇ ಯಂತ್ರ ಕೆಳಗಿಳಿಯಿತು. ಅವನ ಕೈ...”

ಅಲ್ಲಿ ನಿಂತಳು. ಕಣ್ಣು ಮಾತ್ರ ಮುಂದಿನ ಸಾಲುಗಳ ಮೇಲೆ ಓಡಿತು.

ದ್ವಾರಕಾನಾಥ ಕಣ್ಣು ತೆರೆದಿದ್ದ. ನಲ್ಲಿಯ ಕಡೆ ಹೋಗಲಿಲ್ಲ.

“ಏನು ಬರೆದಿದ್ದಾನೆ?” ಎಂದ.

“ಬೇಡ ರೀ.”

“ಏನು ಬರೆದಿದ್ದಾನೆ ಹೇಳು.”

“ಕಿಟಾರನೆ ಕಿರುಚಿದ ಅಂತ. ರಕ್ತ... ಅರ್ಧ ಪುಟ ಅದೇ ಇದೆ.”

“ಸುಳ್ಳು,” ಎಂದ ದ್ವಾರಕಾನಾಥ. “ಕಿರುಚಲಿಲ್ಲ ಅವನು. ನನ್ನ ಕಡೆ ತಿರುಗಿ, ‘ದ್ವಾರಕಣ್ಣ, ಮಿಷನ್ ಆಫ್ ಮಾಡಣ್ಣ, ಪೀಸ್ ಕೆಟ್ಟೋಯ್ತದೆ’ ಅಂದ. ದಿನಾ ಮಾತಾಡೋ ದನೀಲೇ. ನಾನು ಆಫ್ ಮಾಡಿದೆ. ಅವನ ಟವಲ್ಲನ್ನೇ ಸುತ್ತಿದೆ. ಗಾಡಿ ಬರೋವರೆಗೂ, ಪೀಸ್ ಏನಾಯ್ತಣ್ಣ, ಪೀಸ್ ಏನಾಯ್ತಣ್ಣ ಅಂತ ಕೇಳ್ತಾನೇ ಇದ್ದ. ಸರಿಯಾಗಿದೆ ಕಣೋ ಅಂದೆ. ನಾನು ಅದನ್ನ ನೋಡೇ ಇರಲಿಲ್ಲ.”

ಜಗಲಿಯ ಆ ತುದಿಯಲ್ಲಿ ಮುನಿಯಕ್ಕ ಅವರೆಕಾಯಿಯ ಮೊರವನ್ನು ಕೆಳಗಿಟ್ಟಳು. ಎದ್ದು ಹೋಗಿ ಒಂದು ಚೊಂಬು ನೀರು ತಂದು ಅವನ ಪಕ್ಕದಲ್ಲಿಟ್ಟಳು.

ನೀರು ಕುಡಿದು ಅವನು ಮೆಲ್ಲಗೆ, “ಇನ್ಮೇಲೆ ಇಂಥದ್ದು ತರಬೇಡ ಲಕ್ಷ್ಮೀ,” ಎಂದ.

ಅಷ್ಟೇ ಸಾಕಾಯಿತು. ಎರಡು ವರ್ಷದಿಂದ ತಡೆದಿಟ್ಟದ್ದೆಲ್ಲ ಅವಳ ಬಾಯಿಂದ ಒಮ್ಮೆಲೇ ಹೊರಬಿತ್ತು. “ನಾನು ಬೇಕೂಂತ ತಂದ್ನಾ? ನನಗೇನು ರಕ್ತ ಕಂಡ್ರೆ ಭಯಾನಾ? ಮನೇಲಿ ಕೋಳಿ ಕೊಯ್ದೋರ ಪಕ್ಕ ಕೂತು ಊಟ ಮಾಡಿದೋಳು ನಾನು, ಸರ್ಜಾಪುರದಲ್ಲಿ. ನಿಮಗೋಸ್ಕರ ಮಧ್ಯಾಹ್ನ ಎಲ್ಲ ಆ ದರಿದ್ರ ಪುಸ್ತಕಗಳನ್ನ ಒಬ್ಬಳೇ ಓದ್ದೆ. ಕುಂಕುಮ ಇಟ್ಟೆ, ದಾರ ಇಟ್ಟೆ. ಅಂಗಡೀಲಿ ಮಡಿ ಮೇಡಂ ಅನ್ನಿಸ್ಕೊಂಡೆ. ಹೆಂಗಸರೇ ಇಷ್ಟು ಅಂತ ನಿಮ್ಮ ಬಾಯಲ್ಲೂ ಅನ್ನಿಸ್ಕೊಂಡೆ!”

ದ್ವಾರಕಾನಾಥ ತಲೆ ತಗ್ಗಿಸಿ ಕೇಳಿದ. ಅವನು ಹಾಗೆ ಕುಳಿತದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಅವಳು ಆ ಪುಸ್ತಕ ವಾಪಸ್ಸು ಕೊಡಲು ಹೊರಟಾಗ ಅವನೂ ಅಂಗಿ ತೊಟ್ಟು ಜೊತೆಗೆ ಬಂದ. ಲೈಬ್ರರಿಯಲ್ಲಿ ರಜೆಯ ದಿನದ ಗದ್ದಲ. ಉಪೇಂದ್ರ ಕೌಂಟರಿನ ಹಿಂದೆ ಕುಳಿತು, ದೇವರ ಪಟದ ಮುಂದಿನ ಬಟ್ಟಲಿನಿಂದ ಕುಂಕುಮ ತೆಗೆದು, ಒಂದು ಹೊಸ ಪುಸ್ತಕದ ಪುಟಗಳಿಗೆ ಕಣ್ಣು ಕೂಡ ಹಾಯಿಸದೆ ಚುಕ್ಕಿ ಇಡುತ್ತಿದ್ದ! ತಾನು ನಂಬಿ ಹಾರಿಸಿದ ಚುಕ್ಕಿಗಳೂ ಇವನ ಕೈಯವೇ ಎಂದು ವೆಂಕಟಲಕ್ಷ್ಮಿಗೆ ಆಗ ಹೊಳೆಯಿತು. ಅವಳು ಬಾಯಿ ತೆರೆಯುವ ಮೊದಲೇ ದ್ವಾರಕಾನಾಥ ಮುಂದೆ ಹೋದ.

“ರಕ್ತ, ಹೊಡೆದಾಟ ಇಲ್ಲದ್ದು ಒಂದು ಕೊಡಪ್ಪ. ಬೈಗುಳಾನೂ ಬೇಡ. ಹಾಗಂತ ಉಪದೇಶಾನೂ ಬೇಡ.”

ಉಪೇಂದ್ರ ನಕ್ಕ. “ಮೇಡಂಗೆ ತಾನೆ ಸಾರ್? ಗೊತ್ತು ಬಿಡಿ, ಅವರು ಸ್ವಲ್ಪ ಮಡಿ.”

“ಅವಳಿಗಲ್ಲ,” ಎಂದ ದ್ವಾರಕಾನಾಥ. ಅಂಗಡಿಯ ತುಂಬ ಇದ್ದ ಗಂಡಸರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿತ್ತು ಅವನ ದನಿ. “ನನಗೆ. ನನಗೆ ಆಗಲ್ಲ.”

ಪುಟ ತಿರುವುತ್ತಿದ್ದವರು ನಿಲ್ಲಿಸಿದರು. ಯಾರೂ ಸಿಳ್ಳೆ ಹಾಕಲಿಲ್ಲ. ಉಪೇಂದ್ರ ಬೆರಳಿನ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು, ಕಪಾಟುಗಳನ್ನೆಲ್ಲ ತಡಕಿ, ಕೊನೆಗೆ ಬಾಗಿಲ ಪಕ್ಕದ ಸಾಲಿನಿಂದ ಒಂದನ್ನು ಎಳೆದು ತಂದ. ಮೇಲೆ ದೊಡ್ಡ ಪಿಸ್ತೂಲಿನ ಚಿತ್ರ.

“ಇದನ್ನ ತಗೊಂಡೋರೆಲ್ಲ ಬೈದು ವಾಪಸ್ ಕೊಡ್ತಾರೆ ಸಾರ್. ಕವರ್ ಮೇಲೆ ಮಾತ್ರ ಪಿಸ್ತೂಲು, ಒಳಗೆ ಒಂದು ಪೆಟ್ಟೂ ಬೀಳಲ್ವಂತೆ. ಯಾರೋ ಸ್ಟೇಷನ್ ಮಾಸ್ಟರ್ ಛತ್ರಿ ಕಳೆದುಹೋಗಿ ಊರೆಲ್ಲ ಹುಡುಕ್ತಾನಂತೆ.”

ಎರಡು ವರ್ಷ ಅದು ಅವಳ ಕಣ್ಣಿನ ನೇರಕ್ಕೇ ಇತ್ತು. ಪಿಸ್ತೂಲು ನೋಡಿ ಅವಳೇ ಅದನ್ನು ಮುಟ್ಟಿರಲಿಲ್ಲ. ಉಪೇಂದ್ರನನ್ನು ಬೈಯಲು ಹೋದವಳು, ಚಿತ್ರ ನೋಡಿ ಕಥೆ ಹೇಳುವ ರೋಗ ತನಗೂ ಇತ್ತಲ್ಲ ಎಂದು ಸುಮ್ಮನಾದಳು.

ಸಂಜೆ ಜಗಲಿಯ ಮೇಲೆ ಮೊದಲ ಪುಟ ತೆಗೆದಾಗ ದ್ವಾರಕಾನಾಥ, “ಏನೂ ಹಾರಿಸಬೇಡ,” ಎಂದ. ಹಾರಿಸುವ ಅಗತ್ಯವೇ ಬರಲಿಲ್ಲ. ಸ್ಟೇಷನ್ ಮಾಸ್ಟರು ತನ್ನ ಛತ್ರಿಯನ್ನು ತಾನೇ ಮಡಚಿ ಕಂಕುಳಲ್ಲಿಟ್ಟುಕೊಂಡು ಪೋಲೀಸ್ ಠಾಣೆಗೆ ದೂರು ಕೊಡಲು ಹೋದಲ್ಲಿಗೆ ಮುನಿಯಕ್ಕ ಬಿದ್ದು ಬಿದ್ದು ನಕ್ಕಳು. ದ್ವಾರಕಾನಾಥನೂ ನಕ್ಕ. ಹೊಟ್ಟೆ ಹಿಡಿದು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೆಂದು ಅವಳಿಗೆ ಸಂಕಟವಾಯಿತು.

“ಮುಂದೇನಾಯ್ತು?” ಎಂದ ಅವನು. ಅವಳು ಪುಟ ತಿರುವುವಷ್ಟರಲ್ಲಿ ತಡೆದು, “ಇದು ಮುಗಿದ ತಕ್ಷಣ ವಾಪಸ್ ಕೊಡಬೇಡ ಲಕ್ಷ್ಮೀ. ಎರಡು ದಿನ ನಂಗೆ ಬೇಕು,” ಎಂದ.

“ಇನ್ನೊಂದ್ಸಲ ಓದ್ಬೇಕಾ?”

“ನನಗಲ್ಲ. ಚಿನ್ನಪ್ಪನಿಗೆ. ಎರಡನೇ ಗೇಟಲ್ಲಿ ದಿನವೆಲ್ಲ ಸುಮ್ನೆ ಕೂತಿರ್ತಾನೆ.”

ವೆಂಕಟಲಕ್ಷ್ಮಿಗೆ ತಕ್ಷಣ ಓದಲಾಗಲಿಲ್ಲ. ಅಕ್ಷರಗಳು ಮಂಜಾಗಿದ್ದವು. “ಓದವ್ವ, ಸುಮ್ಕಾದೆ ಯಾಕೆ?” ಎಂದು ಮುನಿಯಕ್ಕ ಗದರಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗ್ಗದ ಸದ್ದನ್ನು ಮೀರಬೇಕೆಂಬಂತೆ ಗಟ್ಟಿಯಾಗಿ ಮುಂದಕ್ಕೆ ಓದಿದಳು.